ಬಾಗಿಲ ಪಕ್ಕದ ಬೇಸಿನ್

ಪ್ರೀತಿಯ ಅವ್ವಾ,

ನೀನು ಹೋದ ಮೂರು ವರ್ಷಕ್ಕೆ ನಾನು ಇಂಗ್ಲೆಂಡಿನ ನಮ್ಮ ಪಬ್ಬನ್ನು ಕಾಗದದ ಮೇಲೆ ಕಟ್ಟುತ್ತಿದ್ದೇನೆ. ಈಗ ಅಮೆರಿಕದ ನ್ಯೂಅರ್ಕ್‌ನಲ್ಲಿ ಆರ್ಕಿಟೆಕ್ಚರ್ ಮೊದಲ ವರ್ಷ. ಇರುವುದು ಎಡಿಸನ್ನಿನಲ್ಲಿ, ನಿನ್ನ ಅಕ್ಕ, ಮೌಶಿಯ ಮನೆಯಲ್ಲಿ. ಬೆಳಿಗ್ಗೆ ಸ್ಟೇಷನ್ನಿಗೆ ಡ್ರಾಪ್ ಮಾಡುವಾಗ ಮೌಶಿ ದಿನವೂ "ಹೆದರಬ್ಯಾಡ" ಅನ್ನುತ್ತಾಳೆ. ಆದರೂ ಟ್ರೇನಿನಲ್ಲಿ ಡ್ರಾಯಿಂಗ್ ಟ್ಯೂಬನ್ನು ತಬ್ಬಿಕೊಂಡು ಕೂರುತ್ತೇನೆ, ಯಾರೋ ಕಿತ್ತುಕೊಳ್ಳುತ್ತಾರೇನೋ ಎಂಬಂತೆ.

ಸೆಮಿಸ್ಟರಿನ ಮೊದಲ ಅಸೈನ್‌ಮೆಂಟ್ ಏನು ಗೊತ್ತೇ? ನೀವು ಬೆಳೆದ ಒಂದು ಕೋಣೆಯನ್ನು ನೆನಪಿನಿಂದಲೇ ಅಳತೆ ಸಮೇತ ಬರೆದು ತನ್ನಿ ಅಂದರು ಪ್ರೊಫೆಸರ್. ಒಂಬತ್ತು ವರ್ಷಕ್ಕೆ ಬಿಟ್ಟುಬಂದ ಕಟ್ಟಡ, ಆದರೂ ಗೆರೆಗಳು ತಾವಾಗಿಯೇ ಬಂದವು. ಬೀದಿಗೆ ಎರಡು ಬಾಗಿಲು, ಒಂದು ಕೆಲಸಗಾರರಿಗೆ, ಇನ್ನೊಂದು ಸೂಟು ತೊಟ್ಟವರಿಗೆ. ಎದೆಯೆತ್ತರದವರೆಗೆ ಬೆಣ್ಣೆ ಬಣ್ಣದ ಹೊಳೆಯುವ ಟೈಲ್ಸ್, ಅದರ ಮೇಲೆ ಕಡುಹಸಿರು ಪಟ್ಟಿ. ನೂರು ವರ್ಷದ ಹೊಗೆ ಕುಡಿದು ಚಹಾದ ಬಣ್ಣಕ್ಕೆ ತಿರುಗಿದ ಉಬ್ಬುಹೂವಿನ ಸೀಲಿಂಗ್. ಕೌಂಟರಿನ ಕೆಳಗೆ ಕಾಲಿಡಲು ಹಿತ್ತಾಳೆಯ ಕಂಬಿ. ಕೌಂಟರಿನ ಮೇಲೆ ಮುಖದ ಎತ್ತರಕ್ಕೆ ಸಾಲಾಗಿ ತಿರುಗುವ ಪುಟ್ಟ ಮಬ್ಬುಗಾಜಿನ ಕಿಟಕಿಗಳು. ಹಿಂದಿನ ಕಾಲದ ದೊಡ್ಡಮನುಷ್ಯರಿಗೆ, ತಾವು ಕುಡಿಯುವುದನ್ನು ಬಡಿಸುವವರೂ ನೋಡಬಾರದಿತ್ತಂತೆ. ಸ್ಕೂಲಿನಿಂದ ಬಂದು ನಾನು ಆಚೆ ಕಡೆ ಕೂತರೆ ಆ ಗಾಜಿನ ಕೆಳಗಿನಿಂದ ನಿನ್ನ ಕೈ ಮಾತ್ರ ಬರುತ್ತಿತ್ತು. ಹಸಿರು ಬಳೆ, ಒಂದು ತಟ್ಟೆ ಅವಲಕ್ಕಿ. ಮುಖವಿಲ್ಲದ ಆ ಕೈ ನೋಡಿದರೆ ನನಗೆ…

ನಮ್ಮ ಡ್ರಾಯಿಂಗುಗಳನ್ನು ಕ್ಲಾಸಿನೆದುರು ಪರೀಕ್ಷಿಸುವ ರಿವ್ಯೂ ದಿನ ಪ್ರೊಫೆಸರ್ ನನ್ನ ಹಾಳೆಯ ಮೇಲೆ ಬೆರಳಿಟ್ಟರು. "ಬಾಗಿಲ ಪಕ್ಕದಲ್ಲಿ ಇದೇನು?"

"ವಾಶ್ ಬೇಸಿನ್."

"ಹಳೇ ಇಂಗ್ಲಿಷ್ ಪಬ್ಬಿನಲ್ಲಿ? ಗಿರಾಕಿಗಳು ಒಳಗೆ ಬರುತ್ತಲೇ ಸ್ನಾನ ಮಾಡುತ್ತಿದ್ದರೇ?" ಹಿಂದೆ ಯಾರೋ ನಕ್ಕರು. ಪ್ರೊಫೆಸರ್ ನಗಲಿಲ್ಲ. "ಮೂವತ್ತೊಂದೂವರೆ ಇಂಚು ಎತ್ತರ ಅಂತ ಬೇರೆ ಬರೆದಿದ್ದೀಯ. ಇಷ್ಟು ಖಚಿತವಾಗಿ ಹೇಗೆ ಗೊತ್ತು?"

ಹೇಗೆ ಗೊತ್ತು? ಅವರು ಮೆತ್ತಗೆ ಅಂದರು, "ನೆನಪು ಮತ್ತು ಊಹೆ ಬೇರೆ ಬೇರೆ. ಕೊನೆಯ ರಿವ್ಯೂ ಒಳಗೆ ಯಾವುದು ಯಾವುದೆಂದು ನೋಡಿಕೊಂಡು ಬಾ."

ಆಗ ಹಾಸ್ಟೆಲ್ ನೆನಪಾಯಿತು. ಇಂಗ್ಲೆಂಡಿನಿಂದ ಕರೆತಂದು ಧಾರವಾಡದಲ್ಲಿ ನನ್ನನ್ನು ಬಿಟ್ಟುಹೋಗುವ ದಿನ ನೀನು ಜಡೆ ಹಾಕುತ್ತಾ ಹೇಳಿದ್ದೆ, "ಯಾರರೆ ಕೇಳಿದ್ರ ನಮ್ಮದು ಹೊಟೇಲ್ ಅನ್ನು. ಪಬ್ ಅನಬ್ಯಾಡ." ನಾನು ಅಂದೆ. ಒಂದು ಸಲ ಅಂದರೆ ಸಾಕಿತ್ತೇ? ರೂಮಿನ ಹುಡುಗಿಯರು ಬಿಡಬೇಕಲ್ಲ. "ನಿಮ್ಮ ಹೊಟೇಲಿನ್ಯಾಗ ಏನೇನ್ ಸಿಗತದ ಲೇ? ಗಿರಮಿಟ್ ಸಿಗತದೇನು?" ಸಿಗುತ್ತದೆ ಅಂದೆ. ಇಡ್ಲಿ-ವಡಾ ಇದೆ, ಗಲ್ಲಾಪೆಟ್ಟಿಗೆಯ ಹಿಂದೆ ದೇವರ ಫೋಟೋ ಇದೆ, ಬಾಗಿಲ ಪಕ್ಕ ಕೈ ತೊಳೆಯುವ ಬೇಸಿನ್ ಇದೆ. ಏಳೆಂಟು ವರ್ಷ ಹೇಳುತ್ತಾ ಹೋದೆ. ಊರಿನ ಎಲ್ಲ ಹೊಟೇಲುಗಳಲ್ಲಿ ಇರುವುದನ್ನು ನಮ್ಮ ಪಬ್ಬಿನೊಳಗೆ ತಂದು ಇಟ್ಟೆ.

ಆ ರಿವ್ಯೂ ದಿನದಿಂದ ನನಗೆ ಸಮಾಧಾನವಿಲ್ಲ. ನಾನು ಕಟ್ಟಿದ ಸುಳ್ಳು ಬಂದು ಹಾಳೆಯ ಮೇಲೆ ಅಳತೆ ಸಮೇತ ಕೂರಬಹುದಾದರೆ, ಉಳಿದದ್ದರ ಗತಿ? ಹಸಿರು ಬಳೆಯ ಕೈ ನಿಜವೇ? ನೀನು ಹೋದ ಮೇಲೆ ಡ್ಯಾಡ್ ಪಬ್ಬನ್ನು ಮಾರಿಬಿಟ್ಟರು, ಹೋಗಿ ನೋಡುವಂತಿಲ್ಲ. ಫೋಟೋಗಳಲ್ಲಿ ಆ ಗೋಡೆ ಎಲ್ಲೂ ಇಲ್ಲ. ನನ್ನ ಹತ್ತಿರ ಉಳಿದಿರುವ ನೀನು ನಿಜವಾಗಿ ನೀನೇ ಹೌದೋ ಅಲ್ಲವೋ, ಯಾರನ್ನು ಕೇಳಲಿ ಅವ್ವಾ?

ಭಾನುವಾರ ಡ್ಯಾಡ್‌ಗೆ ಫೋನ್ ಮಾಡಿದೆ. ಅವರು ಎಂದಿನಂತೆ, ನೀನು ಕಲಿಸಿದ ಕನ್ನಡದಲ್ಲಿ "ಊಟ ಆತೇನ?" ಅಂದರು. ಉಳಿದದ್ದೆಲ್ಲ ಇಂಗ್ಲಿಷ್, ನಿನಗೆ ಕನ್ನಡದಲ್ಲಿ ಬರೆಯುತ್ತೇನೆ. ಬೇಸಿನ್ ಇತ್ತೇ ಎಂದು ಕೇಳಿದ್ದಕ್ಕೆ "ಇರಲಿಲ್ಲ" ಅಂದರು. ಆಮೇಲೆ, "ಆದರೆ ನಿನ್ನಮ್ಮ ಪ್ರತಿ ವರ್ಷ ಕೇಳುತ್ತಿದ್ದಳು. ಶುಕ್ರವಾರ ಅವಳು ಎಣ್ಣೆಗಾಯಿ ಮಾಡಿದರೆ ಜನ ಬ್ರೆಡ್ಡಿನಲ್ಲಿ ಅದ್ದಿ ತಿಂದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೋಗುತ್ತಿದ್ದರಲ್ಲ, ಅದು ಅವಳಿಗೆ ಆಗುತ್ತಿರಲಿಲ್ಲ. ದೀಪಾವಳಿಗೆ ಟೈಲ್ಸ್ ತೊಳೆಯುವಾಗ ಬಾಗಿಲ ಪಕ್ಕ ಕಾಡಿಗೆ ಪೆನ್ಸಿಲಿನಿಂದ ಒಂದು ಚೌಕ ಬರೆಯುತ್ತಿದ್ದಳು, ಇಲ್ಲಿ ಬೇಕು ಅಂತ. ಅಳತೆ ಟೇಪಿನ ಕೆಳಗಿನ ತುದಿ ಹಿಡಿಯುತ್ತಿದ್ದವಳು ನೀನೇ."

ಮೂವತ್ತೊಂದೂವರೆ ಇಂಚು. ನೆಲದ ತಣ್ಣಗಿನ ಟೈಲ್, ಅದರ ಮೇಲೆ ಟೇಪನ್ನು ಒತ್ತಿಹಿಡಿದ ನನ್ನ ಹೆಬ್ಬೆರಳು, ಮೇಲೆ ಎಲ್ಲೋ ನಿನ್ನ ಬಳೆಯ ಸದ್ದು.

"ಇದು ರಕ್ಷಿತ ಕಟ್ಟಡ, ಮೊಳೆ ಹೊಡೆಯಲೂ ಸರ್ಕಾರದ ಅನುಮತಿ ಬೇಕು, ಕೊಡುವುದಿಲ್ಲ ಅಂತ ಅವಳಿಗೆ ಹೇಳುತ್ತಿದ್ದೆ," ಅಂದರು ಡ್ಯಾಡ್. "ನಾನು ಒಮ್ಮೆಯೂ ಅರ್ಜಿ ಹಾಕಲಿಲ್ಲ. ಗಿರಾಕಿಗಳು ನಗುತ್ತಾರೆ ಅಂತ." ಅವ್ವಾ, ಇದು ನಿನಗೆ ಗೊತ್ತಿತ್ತೇ? ಗೊತ್ತಿದ್ದೂ ಪ್ರತಿ ವರ್ಷ ಚೌಕ ಬರೆದೆಯಾ?

ನಿನ್ನೆ ಕಾರಿನಲ್ಲಿ ಮೌಶಿಗೆ ಹೇಳಿಬಿಟ್ಟೆ. "ಮೌಶಿ, ಅದು ಹೊಟೇಲ್ ಅಲ್ಲ. ಪಬ್." ಈಗಲೂ ಅವಳು ಇಲ್ಲಿಯ ಆಂಟಿಯರಿಗೆಲ್ಲ, ನಮ್ಮ ತಂಗಿಯದು ಇಂಗ್ಲೆಂಡಿನಲ್ಲಿ ಹೊಟೇಲ್ ಇತ್ತು ಅನ್ನುತ್ತಾಳೆ.

"ಗೊತ್ತದ," ಅಂದಳು, ರಸ್ತೆ ನೋಡುತ್ತಲೇ. "ಹೊಟೇಲ್ ಅಂತ ಹೇಳು ಅಂತ ಅಕಿಗೆ ಹೇಳಿದಾಕಿನಽ ನಾನು. ನಮ್ಮಪ್ಪ ಇರೋತನಕ ಅಷ್ಟ, ಅಂದಿದ್ದೆ. ಅಪ್ಪ ಹೋದ ಮ್ಯಾಲೆ ಬಿಡು ಅನ್ನಬೇಕಿತ್ತು. ಅನ್ನಲಿಲ್ಲ." ಸಿಗ್ನಲ್ ಹಸಿರಾಯಿತು. ಕಾರು ಕದಲಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು.

ನಮ್ಮ ಡ್ರಾಯಿಂಗಿನಲ್ಲಿ ಒಂದು ಪದ್ಧತಿ ಇದೆ. ಇರುವುದಕ್ಕೆ ಗಟ್ಟಿ ಗೆರೆ. ಮುಂದೆ ಆಗಬೇಕೆಂದು ಬಯಸಿದ್ದಕ್ಕೆ ತುಂಡು ತುಂಡು ಗೆರೆ. ಇವತ್ತು ಬೇಸಿನ್ನಿನ ಗಟ್ಟಿ ಗೆರೆಯನ್ನು ಅಳಿಸಿ, ಅದೇ ಜಾಗದಲ್ಲಿ ಅದೇ ಎತ್ತರಕ್ಕೆ ತುಂಡು ಗೆರೆ ಎಳೆದೆ. ಕೊನೆಯ ರಿವ್ಯೂ ಸೋಮವಾರ. ಮೌಶಿಯೂ ಬರುತ್ತಾಳಂತೆ, ರಜೆ ಹಾಕಿದ್ದಾಳೆ. ಇದೇನು ಎಂದು ಪ್ರೊಫೆಸರ್ ಕೇಳಿದರೆ ಎಲ್ಲರೆದುರು ಹೇಳುತ್ತೇನೆ: ಇದು ನಮ್ಮವ್ವನ ಪಬ್. ಇದು ಅವಳು ಕೇಳಿದ ಬೇಸಿನ್. ಯಾರೂ ಹಾಕಿಸಿಕೊಡಲಿಲ್ಲ.

ಟೇಪಿನ ಕೆಳಗಿನ ತುದಿ ಹಿಡಿದ
ನಿನ್ನ ಮಗಳು