ಈರುಳ್ಳಿ ಆಯುತ್ತಾ ಕೇಳಿದ್ದು

ಗುಂಡ್ಲುಪೇಟೆ
೧೧-೨-೨೦೨೫, ಮಂಗಳವಾರ

ಪ್ರೀತಿಯ ಅಕ್ಕನಿಗೆ ತಮ್ಮ ಮೃತ್ಯುಂಜಯನ ಶರಣು.

ನಿನ್ನ ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಶೀಸೆಯನ್ನು ದೇವರ ಗೂಡಿನಲ್ಲಿಟ್ಟು ಕೈ ಮುಗಿಯುತ್ತಿದ್ದೀಯೋ? ನಿಮ್ಮ ಪುಣಜನೂರಿನ ಕಡೆ ಆನೆಗಳು ಇಳಿಯುತ್ತಿವೆ ಎಂದು ಸತ್ಯಮಂಗಲದ ಲಾರಿಯವರು ಹೇಳಿದರು. ಬೆಳಗಿನ ಜಾವ ಹಿತ್ತಿಲಿಗೆ ಒಬ್ಬಳೇ ಹೋಗಬೇಡ. ಇಲ್ಲಿ ನಾವೆಲ್ಲ ಕ್ಷೇಮ. ಫೋನ್ ಇರುವಾಗ ಇವನಿಗೇಕೆ ಕಾಗದದ ಹುಚ್ಚು ಎಂದು ನೀನು ನಗುತ್ತೀಯ. ನಿನ್ನ ಫೋನು ಯಾವಾಗಲೂ ನಿನ್ನ ಮಗ ಸಾಗರನ ಜೇಬಿನಲ್ಲಿರುತ್ತದೆ. ಮಾತಾಡಿದರೂ ಸ್ಪೀಕರಿನಲ್ಲಿ ಮನೆಮಂದಿಯೆಲ್ಲ ಕೇಳುತ್ತಾರೆ. ಏಳನೇ ಕ್ಲಾಸು ಪಾಸು ಮಾಡಿದವಳು ನೀನು, ಕನ್ನಡಕ ಹಾಕಿಕೊಂಡು ನೀನೇ ಓದಿಕೋ.

ಸುದ್ದಿ ಏನೆಂದರೆ, ಹೋದ ಶನಿವಾರ ಚಾಮರಾಜನಗರದ ಕಾಲೇಜಿನಲ್ಲಿ ನಿನ್ನ ಸೋದರಸೊಸೆ ಕಾವ್ಯಶ್ರೀ ಮೈಕಿನ ಮುಂದೆ ನಿಂತು ನಲವತ್ತು ನಿಮಿಷ ಮಾತಾಡಿದಳು. ಎಂ.ಎಸ್.ಡಬ್ಲ್ಯು. ಓದುವವರು ಕೊನೆಯ ವರ್ಷ ಒಂದು ಸಂಶೋಧನೆ ಮಾಡಬೇಕಂತೆ. ಇವಳು ಹಿಡಿದದ್ದು ನಮ್ಮದರಂಥ ಸಗಟು ಮಂಡಿಗಳಲ್ಲಿ ಈರುಳ್ಳಿ ಆಯುವ ಹೆಂಗಸರ ಆರೋಗ್ಯ. ನಾನು ಇಸ್ತ್ರಿ ಶರಟು ಹಾಕಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದೆ. ಪಕ್ಕದವರು ಕೇಳದಿದ್ದರೂ ನನ್ನ ಮಗಳು ಎಂದು ಹೇಳಿದೆ. ಎರಡು ಸಲ ಹೇಳಿದೆ ಎಂದು ಮನೆಯವಳು ದೂರುತ್ತಾಳೆ.

ಆ ನಲವತ್ತು ನಿಮಿಷದ ಹಿಂದೆ ಆರು ತಿಂಗಳ ಪಾಡಿದೆ. ಏನು ಕೇಳಬೇಕೆಂಬುದು ಗೌರಿ ಹಬ್ಬದ ಹೊತ್ತಿಗೇ ತಯಾರಾಗಿತ್ತು, ಹೇಗೆ ಕೇಳಬೇಕೆಂಬುದೇ ತಿಳಿಯಲಿಲ್ಲ. ಮೊದಲು ವಾಟ್ಸಪ್ಪಿನಲ್ಲಿ ಪ್ರಶ್ನೆ ಕಳಿಸಿದಳು. ನಾಲ್ಕು ಮಂಡಿಗಳ ಅರವತ್ತು ಹೆಂಗಸರಲ್ಲಿ ಅಂಥ ಫೋನ್ ಇದ್ದದ್ದು ಒಂಬತ್ತು ಜನಕ್ಕೆ. ಉತ್ತರ ಒತ್ತಿದವರು ಅವರ ಮಕ್ಕಳು. ಆಮೇಲೆ ಫೋನ್ ಮಾಡಿ ಕೇಳಿದಳು. ಎತ್ತಿದವರು ಹೆಚ್ಚಿನಂಶ ಗಂಡಂದಿರು, ಹೆಂಡತಿಗೆ ಯಾವ ಕಾಯಿಲೆಯೂ ಇಲ್ಲ ಎಂದು ತಾವೇ ಹೇಳಿ ಇಟ್ಟುಬಿಟ್ಟರು. ಆಗ ನಾನು ದೊಡ್ಡ ಮನುಷ್ಯನಂತೆ, ಅಚ್ಚು ಹಾಕಿಸಿ ಕೊಡು, ಒಂದೇ ದಿನದಲ್ಲಿ ತುಂಬಿಸಿಕೊಡುತ್ತೇನೆ ಎಂದೆ. ನಮ್ಮ ಮಂಡಿಯ ಲೆಕ್ಕ ಬರೆಯುವ ರೈಟರು ಮಲ್ಲೇಶನ ಕೈಗೆ ಹದಿನೆಂಟು ಕಾಗದ ಕೊಟ್ಟೆ. ಸಂಜೆಗೆ ಹದಿನೆಂಟೂ ವಾಪಸು ಬಂದವು. ಎಲ್ಲದರಲ್ಲೂ ಅವನದೇ ಅಕ್ಷರ, ಎಲ್ಲದರಲ್ಲೂ ತೊಂದರೆ ಇಲ್ಲ ಎಂದೇ ಬರೆದಿತ್ತು. ಮಂಡಿಯ ಮರ್ಯಾದೆ ಅಲ್ವಾ ಎಂದು ಹಲ್ಲು ಕಿರಿದ. ನಿಜ ಹೇಳಬೇಕೆಂದರೆ ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಕಾವ್ಯ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು.

ಆಮೇಲೆ ಮನೆಮನೆಗೂ ಹೋದಳು. ಸಾವ್ಕಾರ್ರ ಮಗಳು ಎಂದು ಚಾಪೆ ಹಾಸಿ ಕಾಫಿ ಕೊಟ್ಟರು. ಅತ್ತೆ, ಓರಗಿತ್ತಿ, ಪಕ್ಕದ ಮನೆಯವರು ಸುತ್ತ ಕೂತು, ಎಲ್ಲರೂ ಒಟ್ಟಿಗೆ ಚೆನ್ನಾಗಿದ್ದೇವೆ ಎಂದರು. ಮನೆಗೆ ಬಂದವರಿಗೆ ನಮ್ಮ ಕಡೆ ಬೇರೆ ಉತ್ತರ ಯಾರು ಕೊಡುತ್ತಾರೆ ಹೇಳು. ಇನ್ನು ಬಿಟ್ಟುಬಿಡುತ್ತಾಳೆ ಅಂದುಕೊಂಡೆ. ಒಂದು ಬೆಳಗ್ಗೆ ನೋಡುತ್ತೇನೆ, ಅವಳ ಸ್ನೇಹಿತೆ ಶಬೀನಾ ನಮ್ಮ ಮಂಡಿಯಲ್ಲಿ ಗೋಣಿ ಹಾಸಿಕೊಂಡು ಈರುಳ್ಳಿ ಆಯುತ್ತಿದ್ದಾಳೆ, ನಮ್ಮ ಹುಡುಗಿ ಬೇಗೂರಿನಲ್ಲಿ ಇನ್ನೊಬ್ಬರ ಮಂಡಿಯಲ್ಲಿ ಕೂತಿದ್ದಾಳೆ. ಅಪ್ಪನ ಮಂಡಿ ಬಿಟ್ಟು ಅಲ್ಲಿಗ್ಯಾಕೆ ಎಂದರೆ, ಇಲ್ಲಿ ನನಗೆ ಯಾರೂ ನಿಜ ಹೇಳುವುದಿಲ್ಲ ಎಂದಳು. ಏತಕ್ಕೆ ಕೇಳುತ್ತಿದ್ದೇವೆಂದು ಮೊದಲೇ ಹೇಳಬೇಕಂತೆ, ಆಮೇಲೆ ಅವರ ಜೊತೆಯಲ್ಲೇ ಕೆಲಸ ಮಾಡಬೇಕಂತೆ. ಕಣ್ಣು ಈರುಳ್ಳಿಯ ಮೇಲಿರಬೇಕು, ಮುಖ ದಿಟ್ಟಿಸಬಾರದು, ಹೆಸರಂತೂ ಬರೆಯಲೇಬಾರದು. ಹೀಗೆ ಮೂರು ವಾರ ನಾಲ್ಕು ಮಂಡಿ ಸುತ್ತಿದರು. ನಾವು ಹುಟ್ಟಿದಾಗಿನಿಂದ ಈರುಳ್ಳಿಯ ಜೊತೆ ಬಾಳಿದವರು, ನಮಗೆ ಈ ಬುದ್ಧಿ ಹೊಳೆದಿತ್ತೇ?

ಶನಿವಾರ ಗೋಡೆಯ ಮೇಲೆ ಎರಡು ಲೆಕ್ಕ ತೋರಿಸಿದಳು. ಫೋನಿನಲ್ಲಿ ಕೇಳಿದಾಗ ತೊಂದರೆ ಇದೆ ಎಂದವರು ಮೂವರು. ಪಕ್ಕದಲ್ಲಿ ಕೂತು ಕೇಳಿದಾಗ ಐವತ್ತೊಂದು. ಬೆಳಗ್ಗೆ ಎಂಟರಿಂದ ಸಂಜೆ ಆರರವರೆಗೆ ಆ ಹೆಂಗಸರು ನೀರೇ ಕುಡಿಯುವುದಿಲ್ಲವಂತೆ ಅಕ್ಕ. ಅದರಿಂದ ಉರಿಮೂತ್ರ, ಕಿಬ್ಬೊಟ್ಟೆ ನೋವು. ಒಬ್ಬಾಕೆ ಅಂದದ್ದನ್ನು ಹಾಗೆಯೇ ಓದಿದಳು: “ನೀರ್ ಕುಡುದ್ರೆ ಎದ್ದೋಗ್ಬೇಕು ಕಣವ್ವ. ಎದ್ದೋಗಿ ಎಲ್ ಕೂರನ?” ದಿನಾ ಆ ಹೆಂಗಸರ ನಡುವೆ ಓಡಾಡುವವನು ನಾನು, ಯಾರ ಮಾತೆಂದು ಗುರುತು ಹತ್ತಲಿಲ್ಲ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಆದರೆ ಇಸ್ತ್ರಿ ಶರಟಿನೊಳಗೆ ಬೆವೆತುಹೋಗಿದ್ದೆ.

ಬಸ್ಸಿನಲ್ಲಿ ಬರುವಾಗ, ನಾಲ್ಕರಲ್ಲಿ ನಮ್ಮ ಮಂಡಿಯ ಲೆಕ್ಕ ಯಾವುದು, ಆ ಮಾತು ಅಂದವಳು ಯಾರು ಎಂದು ಕೇಳಿದೆ. ಹೇಳಲಿಲ್ಲ. ಗದರಿದೆ, ಆಮೇಲೆ ಬೇಡಿಕೊಂಡೆ. ಕಿಟಕಿಯಾಚೆ ನೋಡುತ್ತಲೇ ಅಂದಳು: “ಯಾವ್ದಾದ್ರೇನಪ್ಪ. ನಾಕ್ರಲ್ಲೂ ಕಕ್ಕಸಿಲ್ವಲ್ಲ.” ಸಿಟ್ಟು ಬಂದದ್ದು ನಿಜ. ಹೆತ್ತಪ್ಪ ಕೇಳಿದರೂ ಆ ಹೆಂಗಸರಿಗೆ ಕೊಟ್ಟ ಮಾತು ಬಿಡಲಿಲ್ಲವಲ್ಲ, ಇಂಥವಳು ನನ್ನ ಹೊಟ್ಟೆಯಲ್ಲಿ ಹುಟ್ಟಿದಳಲ್ಲ ಎಂದು ಹೆಮ್ಮೆ ಬಂದದ್ದೂ ನಿಜ. ಇಳಿಯುವ ಹೊತ್ತಿಗೆ ಸಿಟ್ಟು ಹೋಗಿತ್ತು, ಹೆಮ್ಮೆ ಮಾತ್ರ ಇನ್ನೂ ಇದೆ.

ಭಾವನವರಿಗೆ ಶರಣು, ಸಾಗರನಿಗೆ ಆಶೀರ್ವಾದ. ಕಾವ್ಯಳ ಮೇಲೆ ನಿನ್ನ ಹರಕೆ ಇರಲಿ. ಹಟದಲ್ಲಿ ಅವಳು ನಿನ್ನ ಪಡಿಯಚ್ಚು.

ನಿನ್ನ ತಮ್ಮ
ಮೃತ್ಯುಂಜಯ

ಮರೆತಿದ್ದೆ: ನಿನ್ನೆಯಿಂದ ಗಾರೆಯವರು ಬಂದಿದ್ದಾರೆ. ಮಂಡಿಯ ಹಿಂದೆ ಎರಡು ಕಕ್ಕಸು ಏಳುತ್ತಿವೆ, ಒಳಗೆ ನಲ್ಲಿ, ಗಟ್ಟಿ ಚಿಲಕ. ಅಕ್ಕ, ಅಪ್ಪ ಈ ಮಂಡಿ ಶುರು ಮಾಡಿದಾಗ ನೀನೂ ಅಮ್ಮನೂ ದಿನವೆಲ್ಲ ಇಲ್ಲೇ ಕೂತು ಆಯುತ್ತಿದ್ದಿರಿ. ಚೊಂಬಿನಲ್ಲಿ ನೀರು ತರುತ್ತಿದ್ದವನು ನಾನು. ನೀನು ತುಟಿ ಒದ್ದೆ ಮಾಡಿಕೊಂಡು ಚೊಂಬು ಹಿಂದಕ್ಕೆ ಕೊಡುತ್ತಿದ್ದೆ. ನಮ್ಮಕ್ಕನಿಗೆ ಬಾಯಾರಿಕೆಯೇ ಆಗುವುದಿಲ್ಲ ಎಂದು ನಾನು ಊರೆಲ್ಲ ಜಂಬ ಕೊಚ್ಚಿಕೊಂಡು ಬರುತ್ತಿದ್ದೆ. ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಬಿಡಿಸದ ಹುಣಸೆಹಣ್ಣು ಒಂದಿಷ್ಟು ಉಳಿಸಿಟ್ಟಿರು. ಪಕ್ಕದಲ್ಲಿ ಕೂತು ಬಿಡಿಸುತ್ತಾ ನಿನ್ನನ್ನು ಒಂದು ಮಾತು ಕೇಳಬೇಕು.