ಶಾಂತವ್ವನ ಹೆಸರಿನಲ್ಲಿ ನಿನ್ನ ಮಾತು

ಅವ್ವಾ,

ಬನಹಟ್ಟಿಯ ಆ ಕಾರ್ಖಾನೆಯಲ್ಲಿ ನೀನು ಮಗ್ಗದ ಮುಂದೆ ಕುಳಿತು ಎಳೆ ಕೆಚ್ಚುತ್ತಿದ್ದೆ, ಮುಗಿದ ಹಾಸಿನ ಒಂದೊಂದು ಎಳೆಗೂ ಹೊಸ ಎಳೆ ಕೂಡಿಸುತ್ತ. ಜಮಖಂಡಿಯ ಕಾಲೇಜಿನಲ್ಲಿ ಪಾಠ ಹೇಳುವ ಬಾಯಾರು ನಿಮ್ಮ ಬದುಕಿನ ಬಗ್ಗೆ ಬರೆಯಲು ಬಂದು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದರು. ಆರನೆಯ ಇಯತ್ತೆಗೆ ಸಾಲೆ ಬಿಟ್ಟ ನಾನು ಅವರಿಗಾಗಿ ನಿಮ್ಮೆಲ್ಲರ ಮಾತು ಬರೆದುಕೊಳ್ಳುತ್ತಿದ್ದೆ. "ನೀವು ಬರಿಯೋದರಾಗ ನನ್ನ ಹೆಸರ ಬರತೈತೇನ್ರಿ ಬಾಯಾರ? ಎಷ್ಟ ಸೀರಿ ಈ ಕೈಯಾಗ ದಾಟಿ ಹೋದುವು, ಒಂದರ ಮ್ಯಾಲೂ ನನ್ನ ಹೆಸರಿಲ್ಲ" ಎಂದು ನೀನು ನಕ್ಕೆ. ಅದು ಚೇಷ್ಟೆಯಲ್ಲ ಎಂದು ನನಗೆ ಗೊತ್ತಿತ್ತು.

ಬಾಯಾರು ಒಪ್ಪಿಗೆ ಪತ್ರ ತಂದ ದಿನ ನೆನಪಿದೆಯೇ? ನಿನಗೆ ಓದಲು ಬಾರದೆಂದು ನಾನೇ ತುಂಬಿದೆ. ಹೆಸರು ಪ್ರಕಟಿಸಬಹುದೇ ಎಂದು ಅದರಲ್ಲಿ ಕೇಳಿತ್ತು. ನೀನೋ, ಗಾಳಿಗೆ ಎಳೆ ಸಿಕ್ಕಾಗುತ್ತವೆಂದು ಕಿಟಕಿ ತೆರೆಯಗೊಡದ ಮಾಲೀಕನ ಬಗ್ಗೆ, ಹತ್ತಿಯ ದೂಳಿಗೆ ಹತ್ತಿದ ನಿಮ್ಮೆಲ್ಲರ ಕೆಮ್ಮಿನ ಬಗ್ಗೆ ಒಂದೂ ಬಿಡದೆ ಹೇಳಿದ್ದೆ. ನನ್ನ ತಮ್ಮ ದುಡಿಯುವುದೂ ಅಲ್ಲೇ. ಅವನನ್ನು ಹೊರಗೆ ಹಾಕಿದರೆ? ನಿನ್ನನ್ನೇ ಬರಬೇಡ ಎಂದರೆ? ನಾನು 'ಬೇಡ' ಎಂಬಲ್ಲಿ ಗುರುತು ಹಾಕಿಬಿಟ್ಟೆ.

"ಹೆಸರ ಹಾಕ್ರಿ ಅಂತ ಬರದಿಯಿಲ್ಲ?" ಎಂದು ಕೇಳಿದೆ ನೀನು.

"ಹೂಂಬೇ ಯವ್ವಾ" ಎಂದೆ ನಾನು. ನೀನು ಹೆಬ್ಬೆಟ್ಟು ಒತ್ತಿದೆ.

ನೀನು ತೀರಿಹೋಗಿ ಎಂಟು ತಿಂಗಳಾಯಿತು. ಕನ್ನಡದಲ್ಲಿ ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ಹೇಳಿದವರಿಗೇ ಓದಿ ಕೇಳಿಸುವುದು ಬಾಯಾರ ಪದ್ಧತಿಯಲ್ಲವೇ? ಹೋದ ವಾರ ಕಾರ್ಖಾನೆಯ ಅಂಗಳದಲ್ಲಿ ನಿಮ್ಮ ಮಾತಿನ ಕನ್ನಡ ಪುಸ್ತಕ ಓದಿದರು. ನಿನ್ನ ಹೆಸರಿನ ಬದಲು 'ಶಾಂತವ್ವ ಹೇಳಿದ್ದು' ಎಂದು ಶುರುಮಾಡಿ ಮಾಲೀಕನ ಮಾತಿಗೆ ಬಂದದ್ದೇ ತಡ, ನಿನ್ನ ಗೆಳತಿ ಕಾಶವ್ವ ತಡೆದಳು. "ಯಾವಾಕಿಬೇ ಈ ಶಾಂತವ್ವ? ಮಾಲೀಕನ ಮೂಗಿನಾಗ ಒಂದ ಹಿಡಿ ಹತ್ತಿ ತುರುಕ್ರಿ, ತಾನಽ ಕಿಟಕಿ ತಗೀತಾನ ಅನ್ನಾಕಿ ನಮ್ಮ ಗಂಗವ್ವನ್ನ ಬಿಟ್ರ ಯಾರದಾರ?" ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಮಾಲೀಕನ ಗುಮಾಸ್ತನೂ ನಕ್ಕ. ಹಾಗಾದರೆ ನಿನ್ನನ್ನು ನಾನು ಬಚ್ಚಿಟ್ಟದ್ದು ಯಾರಿಂದ, ಅವ್ವಾ?

ಬಾಯಾರ ಮುಂದೆ ಎಲ್ಲ ಹೇಳಿಕೊಂಡು ನಾನು ಅತ್ತುಬಿಟ್ಟೆ. ನೀನು ಹೆಬ್ಬೆಟ್ಟು ಒತ್ತಿದ ಪತ್ರವನ್ನು ಅವರು ತೆಗೆದು ನೋಡಿದರು. "ಈ ಮಾತು ಇರೋ ಇಂಗ್ಲಿಷ್ ಲೇಖನ ಶಾಂತವ್ವ ಅಂತನಽ ಆಗಲೇ ಅಚ್ಚಾಗಿ ಬಂದುಬಿಟ್ಟೈತಿ. ಈ ಪುಸ್ತಕಕ್ಕೂ ಅದಽ ಒಪ್ಪಿಗಿ. ಬದಲಿ ಮಾಡಾಕ ನಿಮ್ಮವ್ವನಽ ಹೇಳಬೇಕಿತ್ತವಾ" ಎಂದರು. ಮಗಳ ಸಹಿ ನಡೆಯುವುದಿಲ್ಲವೇ ಎಂದೆ. ಇಂಥ ಒಪ್ಪಿಗೆಗಳನ್ನು ನೋಡುವ ಕಾಲೇಜಿನ ಸಮಿತಿಗೆ ಕೇಳಿ ಬರೆದಿದ್ದಾರಂತೆ. ಉತ್ತರ ಬಂದಿಲ್ಲ. ಬಾರದೇ ಹೋದರೆ...

ನಿನಗೆ ತಿಳಿಯದ ಸುದ್ದಿಯೊಂದಿದೆ. ಆ ಇಂಗ್ಲಿಷ್ ಲೇಖನವನ್ನು ನನ್ನ ತಮ್ಮ ಹೆಮ್ಮೆಯಿಂದ ಓಣಿಗೆಲ್ಲ ತೋರಿಸುತ್ತಿದ್ದಾನೆ. ಬರೆದವರು ಎಂಬಲ್ಲಿ ಬಾಯಾರ ಹೆಸರಿನ ಕೆಳಗೆ ನನ್ನ ಹೆಸರಿದೆ. ನಿನ್ನ ಹೆಸರೂ ಹಾಕಲೇನವಾ ಎಂದು ಬಾಯಾರು ಕೇಳಿದ ದಿನ, ನಾನು ಹೂಂ ಎಂದಾಗ, ನನ್ನ ಹೆದರಿಕೆ ಎಲ್ಲಿ ಹೋಗಿತ್ತೋ...