ಉಳಿದ ಅರ್ಧ ಜೊಂಡು

೧೫ ಜುಲೈ, ಮಂಗಳವಾರ

ನಾನು ತುಳಜಾಬಾಯಿ, ಹನ್ನೊಂದು ಮಂದಿಯ ಮನೆಗೆ ಹಿರಿಯಳು. ಪಟ್ಟಣದ ಹೊಳೆದಂಡೆಯ ಹೊಸ ಉದ್ಯಾನದಲ್ಲಿ ಸಸಿ ನೆಡುವ ಹೆಂಗಸರಿಗೂ ನನ್ನದೇ ಮಾತು. ಹೊಲದಲ್ಲಿ ಕಸ ಉಳಿದರೆ ಮನೆತನಕ್ಕೇ ಅವಮಾನ ಎಂದು ನಂಬಿ ಬೆಳೆದವಳು. ಮುಂಜಾನೆ ನೀರಂಚಿನ ಜೊಂಡನ್ನು ಅರ್ಧ ಕೊಯ್ಯಿಸಿದ್ದೆ. ಅಷ್ಟರಲ್ಲಿ ಉದ್ಯಾನದ ಉಸ್ತುವಾರಿ ಭುವನೇಶ್ವರಿ ಓಡಿಬಂದಳು.

“ಅಮ್ಮಾರ, ಅದು ಕಸ ಅಲ್ರಿ, ನೀರುಕೋಳಿ ಮನಿ ಐತ್ರಿ.”

“ಕಸ ಯಾವ್ದಂತ ನನಗ ಕಲಿಸ್ತಿ ಏನಬೇ?”

ಆದರೆ ಕೊಯ್ದ ಜಾಗದಲ್ಲಿ ಗೂಡು ಕಳೆದುಕೊಂಡ ನೀರುಕೋಳಿಯೊಂದು ಕೂಗುತ್ತ ಸುತ್ತುತ್ತಲೇ ಇತ್ತು. ಸ್ವಚ್ಛ ಮಾಡಿದ್ದು ತಪ್ಪೇ? ಹಾಗಾದರೆ ಇಷ್ಟು ವರ್ಷ ಹೊಲದಲ್ಲಿ ನಾನು ಮಾಡಿದ್ದೇನು? ಎಷ್ಟು ಯೋಚಿಸಿದರೂ ಬಗೆಹರಿಯುತ್ತಿಲ್ಲ. ಆಡಿದ ಮಾತನ್ನು ಹೆಂಗಸರೆದುರು ಹಿಂದೆ ತೆಗೆದುಕೊಂಡ ರೂಢಿ ನನಗಿಲ್ಲ. ಉಳಿದ ಜೊಂಡಿನಲ್ಲಿ ಇಣುಕಿದೆ. ಇನ್ನೊಂದು ಗೂಡು, ಐದು ಮೊಟ್ಟೆ.

ಎಲ್ಲರ ಕುಡುಗೋಲು ಇಸಿದುಕೊಂಡು ಮನೆಗೆ ತಂದೆ. ಕಾರಣ ಹೇಳಲಿಲ್ಲ.